ಪ್ರಾಂಪ್ಟರಮ್ಮನ ಮಗಳು, ಹೊಳೆಗೆ ಬಿದ್ದ ಮೊಲ

ನಾಟಕ ಮಂದಿರದಲ್ಲಿ ಅಮ್ಮ ಪ್ರಾಂಪ್ಟರ್. ಪಕ್ಕದ ಪರದೆಯ ಮರೆಯಲ್ಲಿ ನಿಂತು, ಮಾತು ಮರೆತ ನಟರಿಗೆ ಮುಂದಿನ ಪದ ಪಿಸುಗುಟ್ಟಬೇಕು. ನಟನ ಕಿವಿಗೆ ತಪ್ಪಬಾರದು, ಪ್ರೇಕ್ಷಕರ ಕಿವಿಗೆ ಬೀಳಬಾರದು. ಈ ಅಭ್ಯಾಸ ಅವಳ ಹಿಂದೆಯೇ ಮನೆಗೂ ಬಂದಿತ್ತು.

“ಅಮ್ಮಾ, ನಂಗೆ...”

“ನೀರು ಬೇಕಾ?”

“ಇವತ್ತು ಸ್ಕೂಲಲ್ಲಿ...”

“ಮತ್ತೆ ಪೆನ್ಸಿಲ್ ಕಳ್ಕೊಂಡ್ಯಾ?”

ಊಹೆ ಸರಿಯಾಗಿಯೇ ಇರುತ್ತಿತ್ತು. ತೊಂದರೆ ಇದ್ದದ್ದೂ ಅಲ್ಲೇ. ವಯಸ್ಸು ಎಂಟು ದಾಟಿದರೂ ಮಗಳ ಬಾಯಿಂದ ಪೂರ್ತಿ ಮಾತು ಹೊರಡುತ್ತಿರಲಿಲ್ಲ. ಅಪ್ಪ ಅವಳಿಗೆ ‘ಮುಕ್ಕಾಲು’ ಎಂದೇ ಹೆಸರಿಟ್ಟಿದ್ದ.

ಕ್ಲಾಸ್ ಮಿಸ್ ಮಾತ್ರ ನಗಲಿಲ್ಲ. “ರಜಾ ಶುರುವಾಗೋದ್ರೊಳಗೆ ಒಂದು ಘಟನೆನ ಮೊದಲಿಂದ ಕೊನೇವರೆಗೆ ತಾನೇ ಹೇಳ್ಬೇಕು. ಇಲ್ಲಾಂದ್ರೆ ಬರೋ ವರ್ಷಾನೂ ಇದೇ ಕ್ಲಾಸು” ಎಂದು ಅಮ್ಮನಿಗೆ ಹೇಳಿದರು.

ಪ್ರತಿ ಶನಿವಾರ ಅಮ್ಮ ರಿಹರ್ಸಲ್‌ಗೆ ಹೋದಾಗ ಮಗಳು ಸುಮ್ಮನೆ ಒಂದು ಕಡೆ ಕೂತಿರಲಿ ಎಂದು ಲೈಬ್ರರಿಯ ಕೋಡಿಂಗ್ ಕ್ಲಾಸಿಗೆ ಸೇರಿಸಿದ್ದಳು. ಒಂದು ಶನಿವಾರ ರಿಹರ್ಸಲ್ ಇರಲಿಲ್ಲ. ತಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು.

ಕಂಪ್ಯೂಟರ್ ಪರದೆಯ ಮೇಲೊಂದು ಮೊಲ, ಎದುರಿಗೊಂದು ಹೊಳೆ. ಮುಕ್ಕಾಲು ‘ಮುಂದೆ ಹೋಗು’ ಎಂದು ಬರೆದು ಗುಂಡಿ ಒತ್ತಿದಳು. ಮೊಲ ನೆಟ್ಟಗೆ ಹೋಗಿ ನೀರಿಗೆ ಬಿತ್ತು.

“ಹಾರ್ಬೇಕು ಅಂತ ಅದಕ್ಕೆ ಗೊತ್ತಾಗಲ್ವಾ ಅಕ್ಕಾ?”

“ನೀನು ಹೇಳಿದ್ಯಾ?” ಕಲಿಸುವ ಹುಡುಗಿ ಕೇಳಿದಳು. “ಇದಕ್ಕೆ ಮನಸ್ಸು ಓದೋಕೆ ಬರಲ್ಲಮ್ಮ. ಎಷ್ಟು ಹೇಳ್ತೀಯೋ ಅಷ್ಟೇ.”

ಹಿಂದಿನ ಬೆಂಚಿನಿಂದ ‘ದಡ’ ಎಂಬ ಪದ ಅಮ್ಮನ ತುಟಿಯವರೆಗೆ ಬಂತು. ಆದರೆ ಯಾರಿಗೆ ಹೇಳುವುದು? ಮೊಲಕ್ಕೋ, ಮಗಳಿಗೋ?

ಮೊಲ ಇನ್ನೂ ಮೂರ್ನಾಲ್ಕು ಸಲ ಮುಳುಗಿತು. ಕೊನೆಗೆ ಮುಕ್ಕಾಲು ಬೆರಳು ಮಡಿಸುತ್ತಾ ಗಟ್ಟಿಯಾಗಿ ಹೇಳಿಕೊಂಡಳು: “ಒಂದು ಹೆಜ್ಜೆ ಇಡು. ದಡ ಬಂತಾ ನೋಡು. ಬಂದಿದ್ರೆ ಹಾರು. ಬರ್ದೇ ಇದ್ರೆ ಇನ್ನೊಂದು ಹೆಜ್ಜೆ.” ಮೊಲ ಹಾರಿತು. ಹಾಗೆ ಉದ್ದಕ್ಕೆ ಮಾತಾಡಿದ ಈ ಹುಡುಗಿ ಯಾರೆಂದು ಅಮ್ಮ ಕತ್ತು ಚಾಚಿ ನೋಡಿದಳು.

ಅಂದಿನಿಂದ ಮನೆಯಲ್ಲಿ ಯಾರಿಗೂ ಉಳಿಗಾಲವಿರಲಿಲ್ಲ.

“ಏಯ್, ಅದನ್ನ ಈ ಕಡೆ ಕೊಡೇ” ಎಂದ ಅಪ್ಪ, ಊಟದ ಮೇಜಿನಲ್ಲಿ.

“ಯಾವ ಅದು? ಎಲ್ಲಿರೋದು? ಪೂರ್ತಿ ಹೇಳಪ್ಪಾ, ಇಲ್ಲಾಂದ್ರೆ ಮೊಲ ನೀರಿಗೆ ಬೀಳತ್ತೆ.”

“ಅಯ್ಯೋ, ಮುಕ್ಕಾಲು ಹೋಗಿ ಒಂದೂಕಾಲು ಆಯ್ತಲ್ಲೇ!”

ಆದರೆ ಮನೆಯವರ ಮುಂದೆ ಜೋರು ಮಾಡುವುದು ಬೇರೆ, ಮಿಸ್ ಮುಂದೆ ನಿಲ್ಲುವುದು ಬೇರೆ. ಮಿಸ್ ಗೊತ್ತು ಮಾಡಿದ್ದ ದಿನ ಖಾಲಿ ತರಗತಿಯಲ್ಲಿ ಮೂವರೇ ಇದ್ದರು. ಅಮ್ಮ ಕಿಟಕಿಯ ಬಳಿ ಕೂತಿದ್ದಳು.

“ನಾನು ನೋಡಿಲ್ದೇ ಇರೋದು ಏನಾದ್ರೂ ಹೇಳು” ಎಂದರು ಮಿಸ್.

“ನಮ್ಮಮ್ಮನ ನಾಟಕದಲ್ಲಿ ಒಬ್ಬ ರಾಜ ಇದ್ದಾನೆ ಮಿಸ್. ಅವನ ಮೀಸೆ ನಿಜವಾದ್ದಲ್ಲ, ಅಂಟಿಸಿದ್ದು. ಒಂದಿನ ಅವನು ಸಿಟ್ಟಲ್ಲಿ ಕೂಗಿದ್ನಾ, ಮೀಸೆ ಒಂದು ಕಡೆ ಬಿಟ್ಕೊಂಡು ಜೋತಾಡ್ತು. ಎಲ್ರೂ ನಕ್ರು. ರಾಜಂಗೆ ಮಾತೇ ಮರೆತುಹೋಯ್ತು. ಆಮೇಲೆ...”

ಮಾತು ಅಲ್ಲಿಗೇ ನಿಂತಿತು.

ಅಮ್ಮನಿಗೆ ಆ ಕತೆ ಗೊತ್ತಿತ್ತು. ‘ಮಂತ್ರಿ ಬಂದ’ ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಮಿಸ್ ಪೆನ್ನು ಎತ್ತಿದರು. ಅಮ್ಮ ಕೆಳದುಟಿ ಕಚ್ಚಿ ಮಗಳ ಕಣ್ಣು ನೋಡಿದಳು. ಮಾತು ಮರೆತ ನಟ ಸಹಾಯಕ್ಕಾಗಿ ಪರದೆಯ ಕಡೆ ತಿರುಗುತ್ತಾನೆ. ಇವಳು ತಿರುಗಲಿಲ್ಲ. ಬೆರಳು ಮಡಿಸುತ್ತಿದ್ದಳು.

“ಆಮೇಲೆ ರಾಜ ಅಮ್ಮನ ಕಡೆ ನೋಡ್ದ. ಅಮ್ಮ ಹೇಳಿಕೊಡ್ಲೇ ಇಲ್ಲ. ಪುಸ್ತಕದಲ್ಲಿ ಮುಖ ಮುಚ್ಕೊಂಡು ನಗ್ತಿದ್ಳು. ಎಲ್ರೂ ರಾಜನ್ನೇ ನೋಡ್ತಿದ್ರು, ಪರದೆ ಹಿಂದೆ ಕೂತಿದ್ದ ನಾನೊಬ್ಳೇ ಅಮ್ಮನ್ನ ನೋಡ್ದೆ. ಹಂಗೆ ನಗೋದನ್ನ ನಾನು ಯಾವತ್ತೂ ನೋಡಿರ್ಲಿಲ್ಲ.”

“ಸಾಕು ಪುಟ್ಟಾ, ಪಾಸು!” ಮಿಸ್ ಪೆನ್ನಿನ ಮುಚ್ಚಳ ಹಾಕಿದರು.

“ಇನ್ನೂ ಮುಗ್ದಿಲ್ಲ ಮಿಸ್.”

“ಆಮೇಲೆ?” ಎಂದು ಕೇಳಿದ್ದು ಅಮ್ಮ.