ಇಂಗಿನ ಡಬ್ಬಿ, ಗಂಧಕದ ಪೊಟ್ಟಣ

೨೦೦೪ರ ಕಾರ್ತಿಕದಲ್ಲಿ ಬಸವನಗುಡಿಯ ಭಾಗೀರಥಮ್ಮನವರ ಮಂಡಿ ಮುಷ್ಕರ ಹೂಡಿತು. ತಾರಸಿಗೆ ಹದಿನೆಂಟು ಮೆಟ್ಟಿಲು. ಮೂವತ್ತು ಬೇಸಿಗೆ ಬೀದಿಯ ಹೆಂಗಸರನ್ನೆಲ್ಲ ಅಲ್ಲಿ ಕೂಡಿಸಿ ಅರಳು ಸಂಡಿಗೆ ಇಡಿಸಿದವರು ಅವರು. ಬರುವ ಬೇಸಿಗೆ ಕೆಳಗೇ ಕೂತಿರಬೇಕಲ್ಲ ಎಂದು ನೆನೆದರೆ ಅಳುವೇ ಬರುತ್ತಿತ್ತು.

ಡಾಕ್ಟರು ಮಂಡಿ ನೋಡಿ, ವ್ಯಾಯಾಮ ಹೇಳಿಕೊಟ್ಟು, "ಸಲ್ಫರ್ ಇರೋ ಒಂದು ಪೂರಕ ಮಾತ್ರೆ ಬರೀತೀನಿ, ಮೂರು ತಿಂಗಳು ನೋಡೋಣ" ಎಂದರು.

ಯಜಮಾನರು ದೊರೆಸ್ವಾಮಿ, ರಿಟೈರಾದ ಗುಮಾಸ್ತರು. ಯಾವ ಪದವನ್ನೂ ನಿಘಂಟು ನೋಡದೆ ನಂಬಿದವರಲ್ಲ. ಸಲ್ಫರ್ ಎಂದರೆ ಗಂಧಕ! ಚೀಟಿ ಜೇಬಿನಲ್ಲೇ ಉಳಿಯಿತು. ನೆಟ್ಟಗೆ ಅವೆನ್ಯೂ ರಸ್ತೆಯ ಗ್ರಂಥಿಗೆ ಅಂಗಡಿಗೆ ಹೋಗಿ ಹಳದಿ ಪುಡಿಯ ಪೊಟ್ಟಣ ತಂದು, ಮಜ್ಜಿಗೆಗೆ ಒಂದು ಚಮಚ ಹಾಕಿ ಕದಡತೊಡಗಿದರು.

ಅಷ್ಟರಲ್ಲಿ ಪಾತ್ರೆ ವಾಪಸು ಕೊಡಲು ಪಕ್ಕದ ಮನೆಯ ಶಿವರಂಜಿನಿ ಬಂದಳು. ಮೆಡಿಕಲ್ ಸ್ಟೋರಿನಲ್ಲಿ ಫಾರ್ಮಸಿಸ್ಟ್ ಅವಳು.

"ಅಯ್ಯೋ ಅಂಕಲ್, ಚೆಲ್ಲಿ ಅದನ್ನ! ಪಟಾಕಿಗೆ ಹಾಕೋ ಗಂಧಕ ಅದು, ಹೊಟ್ಟೆಗಲ್ಲ."

"ಪಟಾಕಿಗಾ? ನಾನೇನು ಆನೆ ಪಟಾಕಿನೇನ್ರೀ?" ಭಾಗೀರಥಮ್ಮ ಲೋಟ ದೂರ ತಳ್ಳಿದರು. "ಆ ಮಾತ್ರೆನೂ ಬೇಡ ಕಣೆ. ಹೆಸರು ಕೇಳಿದ್ರೇ ಭಯ."

ಶಿವರಂಜಿನಿ ಶೆಲ್ಫಿನಿಂದ ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದಳು. "ಈ ಘಮ ಎಲ್ಲಿಂದ ಬಂತು ಆಂಟಿ? ಇದ್ರಲ್ಲೂ ಗಂಧಕ ಬೇರೆ ರೂಪದಲ್ಲಿ ಸೇರಿದೆ. ಬೇಳೆ, ಹಾಲು, ಎಲೆಕೋಸಲ್ಲೂ ಇದೆ. ನಿಮ್ಮ ಕೂದಲು, ಉಗುರಲ್ಲೂ ಇದೆ."

"ಇಂಗಲ್ಲೂ? ನಿಜವಾಗ್ಲೂ?"

"ಹೂಂ." ಅವಳು ದೊರೆಸ್ವಾಮಿಯವರ ಜೇಬಿನ ಚೀಟಿ ಈಸಿಕೊಂಡು ಓದಿದಳು. "ಡಾಕ್ಟರ್ ಬರೆದಿರೋದು ಎಂಎಸ್‌ಎಂ ಅಂತ. ಅದ್ರಲ್ಲೂ ಗಂಧಕ ಹೀಗೇ ಬೇರೆ ರೂಪದಲ್ಲಿದೆ. ಕೆಲವರಿಗೆ ಮಂಡಿನೋವು ಸ್ವಲ್ಪ ಇಳಿಸುತ್ತೆ, ಎಲ್ರಿಗೂ ಅಲ್ಲ. ಹೆಚ್ಚಿನವರಿಗೆ ತೊಂದ್ರೆ ಕೊಡಲ್ಲ. ಹೊಟ್ಟೆ ಉಬ್ಬರ, ತಲೆನೋವು, ಮೈ ಮೇಲೆ ದದ್ದು ಬಂದ್ರೆ ನಿಲ್ಸಿ ಡಾಕ್ಟರಿಗೆ ಹೇಳಿ. ವ್ಯಾಯಾಮ ಮಾತ್ರ ಬಿಡಬೇಡಿ."

"ಹಾಗಾದ್ರೆ ನನ್ನ ಭುಜಕ್ಕೂ ಒಂದು ನುಂಗ್ತೀನಿ" ಎಂದರು ದೊರೆಸ್ವಾಮಿ.

"ನೀವು ರಕ್ತ ತೆಳು ಮಾಡೋ ಮಾತ್ರೆ ತಗೋತೀರಲ್ಲ ಅಂಕಲ್, ಡಾಕ್ಟರನ್ನ ಕೇಳದೆ ಮುಟ್ಟೋ ಹಾಗೇ ಇಲ್ಲ."

ಅಂದಿನಿಂದ ಭಾಗೀರಥಮ್ಮ ಮಾತ್ರೆಯನ್ನೂ ನುಂಗಿದರು, ವ್ಯಾಯಾಮವನ್ನೂ ಮಾಡಿದರು. ನೋವು ಪೂರ್ತಿ ಹೋಗಲಿಲ್ಲ, ನಿಜ. ಆದರೆ ಮಾತ್ರೆಯಿಂದಲೋ ವ್ಯಾಯಾಮದಿಂದಲೋ, ಎರಡರಿಂದಲೋ, ಫಾಲ್ಗುಣದ ಒಂದು ಬೆಳಗ್ಗೆ ಭಾಗೀರಥಮ್ಮ ಎರಡು ಕಡೆ ನಿಂತು ಸುಧಾರಿಸಿಕೊಂಡು ಹದಿನೆಂಟೂ ಮೆಟ್ಟಿಲು ಹತ್ತಿಬಿಟ್ಟರು. ಬೀದಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಭಾಗೀರಥಮ್ಮನವರ ಕಣ್ಣು ತುಂಬಿಬಂತು. ಆಮೇಲೆ ಕೆಳಗೆ ಬಗ್ಗಿ ಕೂಗಿದರು:

"ರೀ, ಸಂಡಿಗೆ ಹಿಟ್ಟಿಗೆ ಇಂಗು ಹಾಕಿದ್ರಾ?"

"ಹಾಕ್ದೆ ಕಣೆ!"

"ಡಬ್ಬಿ ಮೇಲೇನು ಬರ್ದಿದೆ, ಇನ್ನೊಂದ್ಸಲ ಓದ್ರೀ!"

ತಾರಸಿಯೆಲ್ಲ ನಗುವೋ ನಗು.

ನಿಮ್ಮ ಮನೆಯಲ್ಲೂ ಯಾರಿಗಾದರೂ ಮಂಡಿನೋವಿದೆಯೇ? ಹೆಸರು ಕೇಳಿ ಹೆದರಬೇಡಿ, ಹೆಸರು ನೋಡಿ ಕೊಂಡುಬಿಡಲೂ ಬೇಡಿ. ಈಗ ತಗೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರಿಗೆ ತೋರಿಸಿ, ಕೇಳಿ. ಅವರು ಕೊಟ್ಟ ಚೀಟಿ ಮಾತ್ರ ಜೇಬಿನಲ್ಲೇ ಉಳಿಯದಿರಲಿ!