ಶಿವಣೆ ಮರದ ಬುಟ್ಟಿ

ಹೀರಾ ಹಿತ್ತಲಲ್ಲಿ ಬಂಗಡೆ ಕೊಯ್ಯುತ್ತಿದ್ದಾಗ ಮರ ಕಡೆಯುವ ಲೇತ್ ತಿರುಗುವ ಸದ್ದು ಕೇಳಿಸಿತು. ಕಳೆದ ಮಳೆಗಾಲದಿಂದ ಆ ಸದ್ದು ಅವರ ಮನೆಯಲ್ಲಿ ಅಡಗಿಹೋಗಿತ್ತು. ಅವಳು ಕತ್ತಿ, ಮೀನು ಎಲ್ಲವನ್ನೂ ಅಲ್ಲೇ ಬಿಟ್ಟು, ಕೈ ಕೂಡ ತೊಳೆಯದೆ ಶೆಡ್ಡಿಗೆ ಓಡಿದಳು.

ಗಂಡ ಹರಿಶ್ಚಂದ್ರ ಯಂತ್ರದ ಎದುರು ನಿಂತಿದ್ದ. ಹಾರವಾಡದ ಈ ತಗಡಿನ ಶೆಡ್ಡಿನಲ್ಲೇ ವರ್ಷಗಟ್ಟಲೆ ತೊಟ್ಟಿಲ ಕಂಬ, ಕುರ್ಚಿಯ ಕಾಲು ಕಡೆದು ಕಾರವಾರದ ಅಂಗಡಿಗಳಿಗೆ ಕಳಿಸಿದವನು ಅವನು. ಹೋದ ಆಷಾಢದಲ್ಲಿ ಮಂಚದ ಕಾಲೊಂದು ತಿರುಗುತ್ತಿದ್ದಂತೆಯೇ ಸೀಳಿ, ಅದರ ಚೂರು ಬಲಗಣ್ಣಿಗೆ ಬಡಿದಿತ್ತು. ಕಣ್ಣು ಉಳಿಯಲಿಲ್ಲ. ಉಳಿದ ಒಂದು ಕಣ್ಣಿಗೆ ಹತ್ತಿರ-ದೂರದ ಅಂದಾಜು ಸಿಗುತ್ತಿರಲಿಲ್ಲ. ಲೋಟಕ್ಕೆ ನೀರು ಬಗ್ಗಿಸಿದರೂ ಅರ್ಧ ಹೊರಗೆ ಚೆಲ್ಲುತ್ತಿತ್ತು.

"ಎಂತ ಮಾಡ್ತಿದ್ರಿ ನೀವು? ಮೊದ್ಲು ಬಂದ್ ಮಾಡಿ ಅದನ್ನ!"

ಅವನು ಸ್ವಿಚ್ಚು ಆರಿಸಿದ. ಬೆಂಚಿನ ಮೇಲೆ ಶಿವಣೆ ಮರದ ದುಂಡನೆಯ ತುಂಡೊಂದಿತ್ತು. ಅದರ ಪಕ್ಕದಲ್ಲಿ, ಅವನ ಅಕ್ಕ ವೈಜಯಂತಿಯ ಮಗಳು ರಕ್ಷಿತಾ ಕಾರವಾರದ ಸೈಬರ್ ಸೆಂಟರಿನಲ್ಲಿ ಪ್ರಿಂಟ್ ಹಾಕಿಸಿ ತಂದುಕೊಟ್ಟ ಚಿತ್ರವಿತ್ತು. ನೋಡಿದರೆ ಹೆಣೆದ ಬುಟ್ಟಿ. ನಿಜದಲ್ಲಿ ಹೆಣಿಗೆಯೇ ಇಲ್ಲ, ಪೂರ್ತಿ ಒಂದೇ ಮರದ ಅಗಲ ತಟ್ಟೆ. ಕಡೆದು, ಸುಟ್ಟು, ಬಣ್ಣ ತುಂಬಿ ಬುಟ್ಟಿಯಂತೆ ಕಾಣಿಸಿದ್ದು.

"ರಕ್ಷಿತಾನ ಮದ್ವೆಗೆ ಇದನ್ನ ಕೊಡೂದು ಅಂತ ಮಾಡಿದ್ದೆ. ಸೋದರಮಾವ ಆದವ ಅಂಗಡಿಯ ಸ್ಟೀಲ್ ಪಾತ್ರೆ ಹೊತ್ಕೊಂಡು ಹೋಗೂದಾ?"

ಒಂದು ಕಣ್ಣು ಹೋದದ್ದು ಸಾಲದೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೀರಾ ಅದನ್ನು ನುಂಗಿಕೊಂಡಳು.

"ನಂಗೆ ಹೇಳ್ಕೊಡಿ. ನಾ ಮಾಡ್ತೆ."

ಹಾಗೆಂದದ್ದು ಧೈರ್ಯದಿಂದಲ್ಲ. ಬೇಡವೆಂದರೆ ತಾನು ಅಂಕೋಲೆ ಪೇಟೆಗೆ ಹೋದ ಹೊತ್ತು ನೋಡಿ ಅವನು ಒಬ್ಬನೇ ಶುರುಹಚ್ಚಿಕೊಳ್ಳುತ್ತಾನೆಂಬ ದಿಗಿಲು. ಈವರೆಗೆ ಅವಳು ಅವನು ಕಡೆದದ್ದಕ್ಕೆ ಪಾಲಿಶ್ ಕಾಗದ ಉಜ್ಜಿದ್ದು ಬಿಟ್ಟರೆ ಉಳಿ ಹಿಡಿದವಳಲ್ಲ.

ಮೋಟರ್‌ಸೈಕಲ್ಲಿನ ಹೆಲ್ಮೆಟ್ಟು ಹಾಕಿ, ಗಾಜು ಕೆಳಗೆಳೆದುಕೊಂಡು ಅವಳು ಯಂತ್ರದ ಮುಂದೆ ನಿಂತಳು. ನೆರೆಯ ಚಂಪಾ ಬೇಲಿಯಾಚೆಯಿಂದ ನೋಡಿ, "ಹೀರಕ್ಕ, ಗಾಡಿ ಎಲ್ಲಿಗೆ ಹೊರಡ್ತು?" ಎಂದು ನಕ್ಕಳು. ಹೀರಾಳಿಗೆ ನಗು ಬರಲಿಲ್ಲ. ಹೆಲ್ಮೆಟ್ಟಿನೊಳಗೆ ಅವಳ ಉಸಿರೇ ಅವಳಿಗೆ ದೊಡ್ಡದಾಗಿ ಕೇಳುತ್ತಿತ್ತು.

ತಟ್ಟೆಯ ಆಕಾರ ಬರಲು ತುಂಬಾ ದಿನ ಹಿಡಿಯಿತು. ಆಮೇಲೆ ಅಂಚಿನಿಂದ ನಡುವಿನವರೆಗೆ, ಬಳೆ ಜೋಡಿಸಿಟ್ಟಂತೆ, ಒಂದರ ಪಕ್ಕ ಒಂದು ದುಂಡು ಏಣು ಎಬ್ಬಿಸಬೇಕು. ಎಲ್ಲ ಒಂದೇ ದಪ್ಪ ಇರಬೇಕು. ಹರಿಶ್ಚಂದ್ರ ಹಿಂದೆ ಬಾಗಿಲ ಹತ್ತಿರ ನಿಂತು ಸದ್ದಿನಿಂದಲೇ ಹೇಳುತ್ತಿದ್ದ. "ಒತ್ಬೇಡ. ಉಳಿ ಹಾಡ್ಬೇಕು, ಕಿರಚ್ಬಾರ್ದು." ಅವನು ಹತ್ತಿರ ಬಾರದ್ದು ಅವಳಿಗೆ ನೆಮ್ಮದಿಯೇ ಆಗಿತ್ತು.

ಒಂದು ಬೆಳಿಗ್ಗೆ ಉಳಿಯ ಮೂಲೆ ಮರಕ್ಕೆ ಕಚ್ಚಿಕೊಂಡಿತು. ಕಿರ್ರೆಂದು ಸದ್ದಾಗಿ, ತಟ್ಟೆ ಹಿಡಿತದಿಂದ ಕಿತ್ತು ಹಾರಿ, ತಗಡಿಗೆ ಬಡಿದು ಮೂಲೆಗೆ ಬಿತ್ತು. ಹೀರಾ ಸ್ವಿಚ್ಚು ಆರಿಸಿ, ತನಗೇನೂ ಆಗಿಲ್ಲವೆಂದು ಹೇಳಲು ತಿರುಗಿದಳು. ಬಾಗಿಲಲ್ಲಿ ಗಂಡ ಇರಲಿಲ್ಲ. ಹೊರಗೆ ಗೋಡೆಯ ಬುಡದಲ್ಲಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ.

"ನಂಗೇನೂ ಆಗ್ಲಿಲ್ಲ, ನೋಡಿ ಇಲ್ಲಿ."

ಅವನು ತಲೆಯಿಂದ ಕೈ ತೆಗೆದ. "ನೀ ಅವತ್ತು ಓಡಿ ಬಂದ್ಯಲ, ಆಗ ನಾ ಮರ ಹಾಕೂಕೆ ಹೋದವನೇ ಅಲ್ಲ. ಸುಮ್ನೆ ತಿರುಗಿಸಿ, ಹತ್ರ ನಿಲ್ಲೂಕೆ ಆಗ್ತದಾ ಅಂತ ನೋಡ್ದೆ. ಆಗ್ಲಿಲ್ಲ ಹೀರಾ. ನಾ ಬಾಗ್ಲಲ್ಲಿ ನಿಲ್ಲೂದು ನಿಂಗೆ ಹೇಳ್ಕೊಡೂಕಲ್ಲ. ಒಳಗೆ ಬರೂಕೆ ಧೈರ್ಯ ಇಲ್ಲ."

ಇಷ್ಟು ದಿನ ತಾನು ಹೆದರಿದ್ದು ಅವನ ಹಟಕ್ಕೆ. ಅಲ್ಲಿ ಹಟವೇ ಇರಲಿಲ್ಲ. ಹೀರಾ ಹೆಲ್ಮೆಟ್ಟು ತೆಗೆದಿಟ್ಟು ಅವನ ಪಕ್ಕ ಮಣ್ಣಲ್ಲೇ ಕೂತಳು. "ಹಂಗಾದ್ರೆ ಬಿಟ್ಬಿಡುವಾ. ಸ್ಟೀಲ್ ಪಾತ್ರೆನೇ ಕೊಡುವಾ," ಎಂದಳು. ಅವನು ಎದ್ದು ಒಳಗೆ ಹೋಗಿ, ಮೂಲೆಯಿಂದ ತಟ್ಟೆಯನ್ನೆತ್ತಿ, ಅಂಚಿನ ಸುತ್ತ ಹೆಬ್ಬೆರಳು ಆಡಿಸಿದ.

"ಒಡೀಲಿಲ್ಲ. ಒಂದು ಬಳೆ ತಗ್ಗಿದೆ, ಅಷ್ಟೆ. ಬಾ."

ಅಂದಿನಿಂದ ಅವನು ಅವಳ ಬೆನ್ನಿಗೇ ನಿಂತ. ಯಂತ್ರ ಶುರುವಾದಾಗಲೆಲ್ಲ ಅವನ ಕೈ ಅವಳ ಭುಜವನ್ನು ನೋಯುವಷ್ಟು ಹಿಡಿಯುತ್ತಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ. ಏಣುಗಳ ನಡುವಿನ ಗೀರಿಗೆ ತಂತಿ ಒತ್ತಿ ಹಿಡಿದರೆ, ತಿರುಗುವ ಮರ ಹೊಗೆಯಾಡಿ ಕಪ್ಪು ಗೆರೆ ಮೂಡುತ್ತಿತ್ತು. "ತಂತಿ ಬೆರಳಿಗೆ ಸುತ್ಬೇಡ, ಬೆರಳೇ ಹೋಗ್ತದೆ," ಎಂದು ಅವನು ಅದರ ಎರಡೂ ತುದಿಗೆ ಮರದ ಹಿಡಿ ಕಟ್ಟಿಕೊಟ್ಟ. ಬಳಿಕ ಯಂತ್ರ ನಿಲ್ಲಿಸಿ, ರೇಡಿಯೋ ರಿಪೇರಿಯವನಿಂದ ತಂದ, ಕರೆಂಟಿನಲ್ಲಿ ಕಾಯುವ ಬೆಸುಗೆ ಕಡ್ಡಿಯ ತುದಿ ಮಸೆದು, ನಡುವಿನಿಂದ ಅಂಚಿಗೆ ಅಡ್ಡಗೆರೆ ಸುಟ್ಟರು. ಪ್ರತಿ ಬಳೆಯೂ ಸಣ್ಣ ಸಣ್ಣ ಮನೆಗಳಾಯಿತು. ಚಿತ್ರದಲ್ಲಿದ್ದ ಹೂವುಗಳು ಮೂಡುವಂತೆ ಹೀರಾ ಒಂದೊಂದೇ ಮನೆಗೆ ಕಪ್ಪು, ಕಂದು ಶಾಯಿ ತುಂಬಿದಳು. ಕೊನೆಯಲ್ಲಿ ಸುತ್ತು ಕೂಡುವಲ್ಲಿ ಅಡ್ಡಗೆರೆಗಳು ಇಕ್ಕಟ್ಟಾಗಿ, ಒಂದು ಹೂವಿನ ಎಸಳು ಸೊಟ್ಟಗಾಯಿತು. ಅಳಿಸುವ ದಾರಿಯಿರಲಿಲ್ಲ. ಮೇಲೆ ವಾರ್ನಿಶ್ ಹಚ್ಚಿ ಒಣಗಿಸಿದರು.

ಕಿನ್ನರ ಊರಿನ ಮದುವೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳ ಬೆರಳು ತಟ್ಟೆಗೆ ಸುತ್ತಿದ ಬಟ್ಟೆಯ ಮೇಲಿಂದ ಆ ಎಸಳನ್ನೇ ಹುಡುಕುತ್ತಿತ್ತು.

ವೈಜಯಂತಿ ಅದನ್ನು ಬುಟ್ಟಿಯೆಂದೇ ತಿಳಿದು, ನೀರು ಚಿಮುಕಿಸಿಟ್ಟ ಅಬ್ಬಲಿಗೆ ಹೂವಿನ ದಂಡೆಗಳನ್ನು ತಂದು ಅದರಲ್ಲಿ ಸುರಿದಳು.

"ಅಕ್ಕಾ, ಬೇಡ!" ಹೀರಾಳ ಕೂಗಿಗೆ ನೆರೆದವರೆಲ್ಲ ತಿರುಗಿದರು. ಅವಳು ಹೂವು ಸರಿಸಿ ಸೆರಗಿನಿಂದ ಒರೆಸಿದಳು. ಶಾಯಿ ಕದಡಿರಲಿಲ್ಲ. ವೈಜಯಂತಿ ಬಾಗಿ ಬೆರಳಿಟ್ಟು ನೋಡಿ, "ಅಯ್ಯ ದೇವಾ, ಇದು ಮರ ಅಲ್ದಾ!" ಎಂದಳು. ತಟ್ಟೆ ಕೈಯಿಂದ ಕೈಗೆ ಹೋಯಿತು.

ರಕ್ಷಿತಾ ಅದನ್ನು ಎದೆಗೊತ್ತಿಕೊಂಡಳು. "ಮಾಮಾ, ಮತ್ತೆ ಕೆಲ್ಸ ಶುರು ಮಾಡಿದ್ರಾ?"

ಅವನು ಹೌದೆಂದು ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೀರಾಳೂ ತಲೆ ತಗ್ಗಿಸಿಕೊಂಡು ನಿಂತಳು.

"ನಾ ಅಲ್ಲ. ನನ್ ಕೈಲಿ ಇನ್ನೂ ಆಗೂದಿಲ್ಲ," ಎಂದ ಹರಿಶ್ಚಂದ್ರ, ಎಲ್ಲರಿಗೂ ಕೇಳುವಂತೆ. "ನಿನ್ ಮಾಮಿ ಕಡ್ದದ್ದು."

ಮದುವೆ ಮುಗಿಸಿ ಮರಳಿದ ಮಾರನೇ ದಿನ ಅವನು ಇನ್ನೊಂದು ಶಿವಣೆ ತುಂಡನ್ನು ತಾನೇ ಯಂತ್ರಕ್ಕೆ ಬಿಗಿದ. ಹೀರಾ ಹೆಲ್ಮೆಟ್ಟು ಹಾಕಿ ಗಾಜು ಕೆಳಗೆಳೆದುಕೊಂಡಳು. ಬಿಗಿತವನ್ನು ಒಮ್ಮೆ ಅಲುಗಾಡಿಸಿ ನೋಡಿ, ಅವಳು ಸ್ವಿಚ್ಚು ಒತ್ತಿದಳು.