ಲೆಕ್ಕಕ್ಕೆ ಬಿಟ್ಟ ಬಾವಿ

ದ್ಯಾಮಕ್ಕ ಮನೆಯ ಮುಂದಿನ ಕಟ್ಟೆಯ ಮೇಲೆ ಎಡಗಾಲು ಚಾಚಿ ಕೂತು, ಹಿಮ್ಮಡಿಯ ಹುಣ್ಣಿನಿಂದ ಹೊರಗೆ ಬಂದಿದ್ದ ನಾರನ್ನು ಪೊರಕೆಕಡ್ಡಿಗೆ ಸುತ್ತುತ್ತಿದ್ದಳು. ಬಿಳಿ ನೂಲಿನಂಥ ಹುಳ. ದಿನಕ್ಕೆ ಎರಡು ಬೆರಳಗಲಕ್ಕಿಂತ ಹೆಚ್ಚು ಎಳೆಯುವಂತಿಲ್ಲ. ಎಳೆದರೆ ಹರಿಯುತ್ತದೆ, ಹರಿದರೆ ಒಳಗುಳಿದ ತುಂಡು ಕೀವುಗಟ್ಟಿ ಮೊಣಕಾಲಿನವರೆಗೆ ಬಾವು ಏರುತ್ತದೆ. ಬಿಳಿಗಲ್ಲು ಎಂಬ ಆ ಊರಿನಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ. ಯುಗಾದಿ ಕಳೆದು ಬಿಸಿಲು ಏರಿದರೆ ಊರಿನ ಅರ್ಧ ಕಟ್ಟೆಗಳ ಮೇಲೆ ಹೀಗೆ ಕಾಲು ಚಾಚಿದವರೇ ಇರುತ್ತಿದ್ದರು.

"ಬರ್ರಿ ಅಯ್ಯನೋರ, ಕುಂದ್ರಿ," ಎಂದಳು ತಲೆ ಎತ್ತದೆ. "ನಮ್ಮ ಮನಿಗೆ ಬೀಗರು ಬಂದಾರ. ಸಿಟ್ಟಾಗಬಾರದಲ್ಲ, ಮೆಲ್ಲಕ ಹೊರಗ ಕಳಸಾಕ ಹತ್ತೀನಿ."

ಕೊಟ್ರಯ್ಯ ನಕ್ಕು, ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತು ಲೆಕ್ಕದ ಪುಸ್ತಕ ತೆರೆದ. "ಈ ವರ್ಷ ಎಷ್ಟನೇದು?"

"ಎರಡನೇದು. ಹೋದ ವರ್ಷ ಮೂರು ಬಂದಿದ್ದವು. ಬೀಗರಿಗೂ ನಾಚಿಕಿ ಅಂಬೋದು ಬರಾಕ ಹತ್ತೈತಿ."

ಅವನು ಬರೆದುಕೊಂಡ. ಆಕೆ ಸುತ್ತಿದ ಕಡ್ಡಿಯನ್ನು ಕಾಲಿಗೆ ಒತ್ತಿ ಬಟ್ಟೆ ಕಟ್ಟಿ, ಅವನ ಬೆವರು ಸುರಿಯುವ ಮುಖ ನೋಡಿದಳು.

"ಬಿಸಲಾಗ ಬಂದೀರಿ. ನೀರು ಕೊಡ್ಲೇನು ಅಂತ ಬಾಯಿಗೆ ಬರತೈತಿ. ನೀವು ಅಯ್ಯನೋರು, ನಾವು ಬ್ಯಾಡರು. ಕೇಳಿ ನಿಮ್ಮ ಬಾಯಾಗ ಇಲ್ಲ ಅನಿಸಿಕೊಳ್ಳೂದು ಯಾಕ ಬಿಡು ಅಂತ ಸುಮ್ಮನಾಗತೀನಿ."

"ನೀರಡಿಕಿ ಇಲ್ಲ ಬಿಡು ದ್ಯಾಮಕ್ಕ."

"ಹೌದ್ರಿ. ಐದು ತಿಂಗಳಿಂದ ನಿಮಗ ನೀರಡಿಕಿ ಆಗೇ ಇಲ್ಲ. ಒಂಟಿ ಹೊಟ್ಯಾಗ ಹುಟ್ಟೀರೇನು?"

ಅವನ ಚೀಲದಲ್ಲಿ ಹೊಸಪೇಟೆಯಿಂದ ತಂದ ಕಾಯಿಸಿದ ನೀರಿನ ಸೀಸೆ ಇತ್ತು. ಊರು ದಾಟಿದ ಮೇಲೆ ಬೇವಿನ ಮರದ ಮರೆಯಲ್ಲಿ ನಿಂತು ಗಟಗಟ ಕುಡಿಯುತ್ತಿದ್ದ, ಕಳ್ಳನಂತೆ.

ದ್ಯಾಮಕ್ಕನಿಗೆ ಇದ್ದ ಆಸೆ ಒಂದೇ. ಮಗಳು ಎರ್ರೆಮ್ಮನನ್ನು ಸಂಡೂರಿಗೆ ಕೊಟ್ಟಿದ್ದಳು. ಅಳಿಯ ಮ್ಯಾಂಗನೀಸ್ ಗಣಿಯಲ್ಲಿ ಕೆಲಸಕ್ಕಿದ್ದ. ಮೊಮ್ಮಗಳಿಗೆ ಮೂರು ವರ್ಷ ತುಂಬಿತ್ತು. ದ್ಯಾಮಕ್ಕ ಇನ್ನೂ ಆ ಮಗುವಿನ ಮುಖ ನೋಡಿರಲಿಲ್ಲ. ಹನ್ನೆರಡು ಮೈಲಿ ದಾರಿ. ನಾರು ಬಿದ್ದು ಹುಣ್ಣು ಮಾಯುವುದರೊಳಗೆ ಮಳೆ, ಮಳೆ ಮುಗಿದರೆ ಕಳೆ, ಕಳೆ ಮುಗಿದರೆ ಜೋಳದ ಕೊಯ್ಲು. ಕೊಯ್ಲು ಮುಗಿಸಿ ಬುತ್ತಿ ಕಟ್ಟಬೇಕು ಅನ್ನುವಾಗ ಕಾಲಿನಲ್ಲಿ ಮತ್ತೆ ಉರಿ.

"ಗಾಡಿ ಮ್ಯಾಲ ಹೋಗಬಾರದೇನು?" ಎಂದು ಅವನು ಒಮ್ಮೆ ಕೇಳಿದ್ದ.

"ಹೋಗಬಹುದು. ಆದ್ರ ಆ ಕೂಸು ನನ್ನ ಮೊದಲನೇ ಸಲ ನೋಡೂವಾಗ ಇಬ್ಬರು ಹಿಡಿದು ಇಳಸೂದು ನೋಡಬೇಕೇನ್ರಿ? ನನ್ನ ಕಾಲ್ಲೆ ನಾನು ನಡಕೊಂಡು ಬರೋದು ನೋಡಬೇಕು."

ಕೊಟ್ರಯ್ಯನಿಗೆ ಆ ಮಾತು ಚುಚ್ಚಿದ್ದಕ್ಕೆ ಕಾರಣವಿತ್ತು. ಅವನಿಗೂ ಎಲ್ಲಿಗೋ ಹೋಗಬೇಕಾಗಿತ್ತು.

ಅವನು ಕಂಪ್ಲಿಯವನು. ಬಳ್ಳಾರಿಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಬಂದವನಿಗೆ ಅಪ್ಪ ಮಠದ ಪೂಜೆಯ ಬುಟ್ಟಿ ತೋರಿಸಿದ. ಎರಡು ವರ್ಷ ಅವನು ಬುಟ್ಟಿಯನ್ನೂ ಮುಟ್ಟಲಿಲ್ಲ, ಬೇರೆಯದನ್ನೂ ಹಿಡಿಯಲಿಲ್ಲ. ಹೊಸಪೇಟೆಯ ಸ್ಟೇಷನ್ನಿಗೆ ಹೋಗಿ ಗುಂತಕಲ್ಲಿನ ಗಾಡಿ ಹೊರಡುವುದನ್ನು ನೋಡಿ ಬರುತ್ತಿದ್ದ. ಅಷ್ಟರಲ್ಲಿ ಮದರಾಸಿನ ಒಂದು ಸಂಶೋಧನಾಲಯದಿಂದ ಡಾಕ್ಟರ್ ಗಾದಿಲಿಂಗಪ್ಪನವರು ನಾರುಹುಣ್ಣಿನ ಅಧ್ಯಯನಕ್ಕೆ ಬಂದು ಹೊಸಪೇಟೆಯಲ್ಲಿ ಬಿಡಾರ ಹೂಡಿದರು. ಹಳ್ಳಿ ತಿರುಗಿ ಲೆಕ್ಕ ಬರೆಯಲು ಒಬ್ಬ ಹುಡುಗ ಬೇಕಿತ್ತು. ಕೆಲಸಕ್ಕೆ ಸೇರಿದ ದಿನವೇ ಅವರು ಬಾವಿಯ ನೀರಿನ ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದ ಮುಂದೆ ಅವನನ್ನು ಕೂರಿಸಿದ್ದರು.

ಎಳ್ಳಿಗಿಂತ ಸಣ್ಣದೊಂದು ನೀರಿನ ಚಿಗಟ, ಗಾಜಿನಂಥ ಮೈ, ದೋಣಿಗೆ ಹುಟ್ಟು ಹಾಕಿದಂತೆ ಕೈ ಬೀಸಿ ಈಜುತ್ತಿತ್ತು. ಅದರ ಹೊಟ್ಟೆಯೊಳಗೆ ಸುರುಳಿ ಸುತ್ತಿದ ಎಳೆಯೊಂದು ಅಲುಗಿತು.

"ಅದು ಮುಂದಿನ ವರ್ಷದ ನಾರು," ಎಂದಿದ್ದರು ಡಾಕ್ಟರು. "ಹುಣ್ಣಿದ್ದ ಕಾಲು ಉರಿ ತಾಳಲಾರದೆ ಬಾವ್ಯಾಗ ಇಳೀತದ. ತಂಪು ತಾಗಿದ ಕೂಡ್ಲೆ ನಾರು ಮರಿ ಬಿಡ್ತದ. ಮರಿಯನ್ನ ಚಿಗಟ ತಿಂತದ, ಚಿಗಟವನ್ನ ನೀರಿನ ಜೋಡಿ ನಾವು ಕುಡೀತೀವಿ. ಸರಿಯಾಗಿ ಒಂದು ವರ್ಷಕ್ಕ ಕಾಲಾಗ ಹೊರಗ ಬರ್ತದ."

ಆ ದಿನದಿಂದ ಅವನಿಗೆ ಬೇರೆ ಏನೂ ಬೇಡವಾಗಿತ್ತು. ಆ ಕಿಂಡಿಯ ಮುಂದೆ ಜೀವಮಾನವಿಡೀ ಕೂರಬೇಕು. ಡಾಕ್ಟರೂ ಮಾತು ಕೊಟ್ಟಿದ್ದರು: ಎರಡು ವರ್ಷ ಲೆಕ್ಕ ಚೊಕ್ಕವಾಗಿ ಮುಗಿಸಿದರೆ ಮದರಾಸಿಗೆ ಕರೆದೊಯ್ಯುತ್ತೇನೆ, ಸಂಶೋಧನಾಲಯದಲ್ಲಿ ಸೇರಿಸುತ್ತೇನೆ.

ಲೆಕ್ಕ ಎರಡು ಊರಿನದು. ಹುಣಸಿಹಾಳಿನಲ್ಲಿ ಬಾವಿಯ ಮೆಟ್ಟಿಲುಗಳನ್ನು ಕಲ್ಲು ಗಾರೆಯಿಂದ ಮುಚ್ಚಿಸಿ, ಸುತ್ತ ಕಟ್ಟೆ ಎತ್ತಿಸಿ ನೀರು ಸೇದುವ ಗಾಲಿ ಹಾಕಿಸಿದ್ದರು. ಯಾರ ಕಾಲೂ ನೀರಿಗೆ ತಾಗದು. ಮೂರು ಮೈಲಿ ದೂರದ ಬಿಳಿಗಲ್ಲನ್ನು ಇದ್ದಂತೆಯೇ ಬಿಟ್ಟಿದ್ದರು. ಅಲ್ಲಿ ಬಾವಿಗೆ ಎರಡು ಕಡೆ ಮೆಟ್ಟಿಲು, ಒಂದು ಕಡೆ ಲಿಂಗವಂತರು, ಇನ್ನೊಂದು ಕಡೆ ಬ್ಯಾಡರು. ಕೆಳಗೆ ನೀರು ಒಂದೇ. ಊರ ಹೊರಗಿನ ಕೇರಿಯವರಿಗೆ ಬಾವಿಯ ಹತ್ತಿರ ಬರುವ ಹಕ್ಕಿರಲಿಲ್ಲ. ಅವರು ಹಳ್ಳದ ಮರಳಿನಲ್ಲಿ ಒರತೆ ತೋಡಿ ನೀರು ತರುತ್ತಿದ್ದರು, ಆ ಕೇರಿಯಲ್ಲಿ ನಾರೇ ಇರಲಿಲ್ಲ. ಊರಿನವರು ಇದನ್ನು ಎಂದೂ ಗಮನಿಸಿರಲಿಲ್ಲ; ಕೊಟ್ರಯ್ಯನ ಪುಸ್ತಕ ಗಮನಿಸಿತ್ತು.

"ಬಿಳಿಗಲ್ಲಿನವರಿಗೆ ನೀರು ಸೋಸಿ ಕುಡೀರಿ ಅಂತನಾದ್ರೂ ಹೇಳಬಾರದೇನ್ರಿ ಸಾಹೇಬ್ರ?" ಎಂದು ಅವನು ಮೊದಲ ತಿಂಗಳೇ ಕೇಳಿದ್ದ.

ಡಾಕ್ಟರು ಕಾಲುಚೀಲ ಜಾರಿಸಿ ತಮ್ಮ ಪಾದ ತೋರಿಸಿದರು. ಕಣಕಾಲಿನ ಸುತ್ತ ನಾಲ್ಕು ಹಳೆಯ ಗಾಯದ ಕಲೆಗಳು.

"ನಮ್ಮೂರಾಗೂ ಇಂಥದೇ ಬಾವಿ ಇತ್ತು. ಸಣ್ಣವನಿದ್ದಾಗ ನಾಲ್ಕು ಬ್ಯಾಸಿಗಿ ನಾನು ಸಾಲಿಗೆ ಹೋಗಲಿಲ್ಲ. ಈ ಜಿಲ್ಲಾದಾಗ ಇಂಥ ಬಾವಿ ನೂರಾರು ಅದಾವ, ಕೊಟ್ರಯ್ಯ. ಮೆಟ್ಟಿಲು ಮುಚ್ಚಸ್ರಿ ಅಂದ್ರ ದೊಡ್ಡವರು ಕೇಳ್ತಾರ, ರುಜುವಾತು ಎಲ್ಲಿ ಅಂತ. ಹುಣಸಿಹಾಳದಾಗ ಕಡಿಮಿ ಆತು ಅಂದ್ರ, ಮಳಿ ಚಲೋ ಆಗಿತ್ತು ಅದಕ್ಕ ಅಂತಾರ. ಪಕ್ಕದ ಊರಾಗ ಹಂಗೇ ಉಳೀತು ಅಂತ ತೋರಿಸಿದ್ರ ಮಾತ್ರ ಅವರ ಬಾಯಿ ಮುಚ್ಚತದ. ಒಂದು ಊರು ಎರಡು ವರ್ಷ ತಡಕೊಂಡ್ರ ನೂರು ಊರು ಉಳೀತಾವ."

"ತಡಕೊಳ್ಳೋರನ್ನ ಕೇಳೀವೇನ್ರಿ?"

ಡಾಕ್ಟರು ಕಾಲುಚೀಲ ಏರಿಸಿಕೊಂಡರು. "ಕೇಳಿದ್ರ ಒಪ್ಪತಾರೇನು?"

ಕೊಟ್ರಯ್ಯನಿಗೆ ಆ ಲೆಕ್ಕದಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಹುಡುಕುವ ಮನಸ್ಸೂ ಅಷ್ಟಾಗಿ ಇರಲಿಲ್ಲ. ಮದರಾಸು ಆ ಲೆಕ್ಕದ ಕೊನೆಯಲ್ಲಿತ್ತು.

ವಾರಕ್ಕೊಮ್ಮೆ ಬಾವಿಯ ದಂಡೆಯ ಮೇಲೆ ಕೂತು, ಎಷ್ಟು ಜನ ಇಳಿದರು, ಎಷ್ಟು ಕಾಲುಗಳಿಗೆ ಬಟ್ಟೆ ಕಟ್ಟಿತ್ತು ಎಂದು ಬರೆಯುತ್ತಿದ್ದ. ದ್ಯಾಮಕ್ಕ ಬಟ್ಟೆ ಬಿಚ್ಚಿ, ಹುಣ್ಣಿನ ಕಾಲನ್ನು ನೀರಿನಲ್ಲಿ ಇಳಿಬಿಟ್ಟು ಕಣ್ಣು ಮುಚ್ಚುತ್ತಿದ್ದಳು. "ಗಂಗವ್ವ ಬೆಂಕಿ ಎಳಕೊಳ್ತಾಳ," ಎಂದು ಮೇಲಕ್ಕೆ ಕೂಗುತ್ತಿದ್ದಳು. ಅದೇ ಮೆಟ್ಟಿಲಲ್ಲಿ ಕೊಡ ತುಂಬಿಕೊಂಡು ಕುಂಟುತ್ತ ಹತ್ತಿ ಬರುವಾಗ ಅವನ ಎದುರು ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಕೊಡದಲ್ಲಿ ನೀರು ತುಳುಕುತ್ತಿತ್ತು. ಅವನು ಪುಸ್ತಕ ನೋಡುತ್ತಿದ್ದ.

ವೈಶಾಖದ ಕೊನೆಯ ಒಂದು ಮಧ್ಯಾಹ್ನ ಅವನು ಹೋದಾಗ ಆಕೆಯ ಕಾಲಿಗೆ ಬಟ್ಟೆ ಇರಲಿಲ್ಲ. ನಾರು ಪೂರ್ತಿ ಬಿದ್ದಿತ್ತು. ಮುಖ ಹೊಸದಾಗಿತ್ತು.

"ಕುಂದ್ರಿ ಅಯ್ಯನೋರ, ಇವತ್ತು ನಿಮಗ ಒಂದು ತೋರಸೂದೈತಿ," ಎಂದವಳೇ ಓಣಿಯ ಕಡೆ ಕೂಗಿದಳು: "ನಿಂಗಕ್ಕಾ! ಬಂದಾರ ನೋಡು!"

ಲಿಂಗವಂತರ ಓಣಿಯ ಮುದುಕಿ ನಿಂಗಕ್ಕ ತಲೆಯ ಮೇಲೆ ಸೆರಗು ಹೊದ್ದು ಬಂದಳು. ಕೈಯಲ್ಲಿ ಹುಣಸೆಹಣ್ಣು ಹಚ್ಚಿ ಬೆಳಗಿದ ತಾಮ್ರದ ತಂಬಿಗೆ, ಅದರ ಮೇಲೆ ಮುಚ್ಚಿದ ಬಟ್ಟಲು.

"ತಂಬಿಗಿ ನಿಂಗಕ್ಕಂದು, ನೀರು ನಿಂಗಕ್ಕ ತಂದದ್ದು, ಅವರ ಮೆಟ್ಟಿಲ ಕಡೀದು," ಎಂದಳು ದ್ಯಾಮಕ್ಕ, ದೂರ ಸರಿದು ನಿಂತು. "ನಾನು ನೆಳ್ಳು ಸೈತ ತಾಗಿಸಿಲ್ಲ. ನಮ್ಮ ಮನಿ ಮುಂದ ಕುಂತು ಒಬ್ಬರು ಒಣ ಬಾಯಲೆ ಎದ್ದು ಹೋದ್ರ ನನಗ ಉಂಡದ್ದು ಇಳಿಯೂದಿಲ್ಲ. ಇವತ್ತು ಕುಡೀರಿ."

"ವಾರದಿಂದ ನನ್ನ ತಲಿ ತಿಂದಾಳಪ್ಪ," ಎಂದಳು ನಿಂಗಕ್ಕ. "ಕುಡಿದು ಆಕಿ ಬಾಯಿ ಮುಚ್ಚಸು."

ಕೊಟ್ರಯ್ಯನ ಕೈಗೆ ತಂಬಿಗೆ ಬಂತು. ತಂಪಾಗಿತ್ತು. ಇಷ್ಟು ದಿನ ಅವನು ಆಕೆಯ ಊಹೆಯ ಹಿಂದೆ ಅಡಗಿದ್ದ. ಜಾತಿಗಾಗಿ ಕುಡಿಯುತ್ತಿಲ್ಲ ಎಂದು ಆಕೆ ತಿಳಿದರೆ ತಿಳಿಯಲಿ, ಗುಟ್ಟು ಉಳಿಯುತ್ತದೆ ಎಂದು ಸುಮ್ಮನಿದ್ದ. ಈಗ ಆ ಗೋಡೆಯನ್ನು ಆಕೆಯೇ ತನ್ನ ಕೈಯಿಂದ ತೆಗೆದಿದ್ದಳು. ಇನ್ನೊಂದು ಪ್ರಶ್ನೆ ಎದ್ದು ಅವನ ಮುಖ ಬಿಸಿಯಾಯಿತು. ಈ ಬಾವಿ ಶುದ್ಧವಾಗಿದ್ದಿದ್ದರೆ, ಅವನು ಈಕೆಯ ಮನೆಯ ನೀರು ಕುಡಿಯುತ್ತಿದ್ದನೇ? ಆ ಸುಳ್ಳು ಅಷ್ಟು ಸಲೀಸಾಗಿ ನಿಂತದ್ದು ಅದರಲ್ಲಿ ಅರ್ಧ ನಿಜವಿದ್ದದ್ದಕ್ಕೇ ಅಲ್ಲವೇ?

ಇಬ್ಬರು ಹೆಂಗಸರೂ ಅವನನ್ನೇ ನೋಡುತ್ತಿದ್ದರು.

ಅವನು ತಂಬಿಗೆಯನ್ನು ಕೆಳಗಿಟ್ಟ. ದ್ಯಾಮಕ್ಕನ ಮುಖ ಬಾಡಿತು.

"ಇದು ಬ್ಯಾಡ," ಎಂದ. "ನಿನ್ನ ಕೊಡ ತಗೊಂಡು ಬಾ."

"ಅಯ್ಯನೋರ!"

"ತಗೊಂಡು ಬಾ. ಒಂದು ಖಾಲಿ ಕೊಡಾನೂ ತಾ."

ಹೆಗಲ ಮೇಲಿನ ವಸ್ತ್ರ ತೆಗೆದು ನಾಲ್ಕು ಪದರು ಮಡಚಿ, ಖಾಲಿ ಕೊಡದ ಬಾಯಿಗೆ ಬಿಗಿದು ಹಿಡಿದ. ದ್ಯಾಮಕ್ಕ ನೀರು ಹೊಯ್ದಳು. ಸೋಸಿ ಇಳಿದ ನೀರನ್ನು ಆಕೆಯ ಲೋಟದಲ್ಲೇ ತುಂಬಿಸಿಕೊಂಡು, ಎತ್ತಿ ಕುಡಿದ. ನಿಂಗಕ್ಕ "ಶಿವಶಿವಾ" ಎಂದು ಬಾಯಿಯ ಮೇಲೆ ಸೆರಗು ಹಿಡಿದಳು. ಆಮೇಲೆ ಅವನು ವಸ್ತ್ರವನ್ನು ಬಿಸಿಲಿಗೆ ಹಿಡಿದು, ಅದರ ಮೇಲೆ ಮಿಡಿಯುತ್ತಿದ್ದ ಬಿಳಿ ಚುಕ್ಕೆಗಳನ್ನು ತೋರಿಸಿದ. ಎಲ್ಲವನ್ನೂ ಹೇಳಿದ. ಚಿಗಟ, ಮರಿ, ಕಾಲು, ಒಂದು ವರ್ಷ. ಹುಣಸಿಹಾಳಿನ ಬಾವಿಯನ್ನು ಯಾಕೆ ಮುಚ್ಚಿದರು, ಇದನ್ನು ಯಾಕೆ ಬಿಟ್ಟರು ಎಂಬುದನ್ನೂ.

ದ್ಯಾಮಕ್ಕ ಬಗ್ಗಿ ವಸ್ತ್ರದ ಮೇಲಿನ ಚುಕ್ಕೆಗಳನ್ನು ನೋಡಿದಳು.

"ನಿಮಗ ಮೊದಲಿಂದ ಗೊತ್ತಿತ್ತೇನು?"

"ಗೊತ್ತಿತ್ತು."

"ನಾನು ಕೊಡ ಹೊತ್ತು ನಿಮ್ಮ ಮುಂದ ಬಂದು ನಿಂತಾಗೂ?"

"ಹೂಂ."

ಆಕೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಒದ್ದೆ ವಸ್ತ್ರವನ್ನು ಅವನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು.

ಅಂದು ಸಂಜೆಯೇ ಅವನು ಡಾಕ್ಟರಿಗೆ ಹೇಳಿಬಿಟ್ಟ. ಅವರು ಕುರ್ಚಿಯಿಂದ ಏಳಲಿಲ್ಲ, ಕೂಗಾಡಲಿಲ್ಲ. ಬಿಳಿಗಲ್ಲಿನ ಹಾಳೆಗಳನ್ನು ಮುಂದೆ ಎಳೆದುಕೊಂಡು ಒಂದೊಂದರ ಮೇಲೂ ಅಡ್ಡಗೆರೆ ಎಳೆದರು. ಗೆರೆಗಳು ನೆಟ್ಟಗಿದ್ದವು.

"ಏಳು ತಿಂಗಳ ಲೆಕ್ಕ," ಎಂದರು. "ಇನ್ನ ನಿನ್ನನ್ನ ಮದರಾಸಿಗೆ ಕರಕೊಂಡು ಹೋಗಾಕ ಬರೂದಿಲ್ಲ. ಗೊತ್ತೈತಲ್ಲ?"

"ಗೊತ್ತೈತ್ರಿ."

"ನಾನು ಬ್ಯಾರೆ ಊರು ಹುಡುಕಬೇಕು."

ಅವನು ಬಾಗಿಲಿನವರೆಗೆ ಹೋದಾಗ ಹಿಂದಿನಿಂದ ಅವರ ದನಿ ಬಂತು. "ಎಷ್ಟು ಪದರು ಅಂತ ಹೇಳಿದಿ?"

"ನಾಕು."

"ಬಟ್ಟಿ ದಟ್ಟ ಇದ್ರ ಎರಡು ಸಾಕು. ನಾಕು ಅಂದ್ರ ನೀರು ಇಳಿಯೂದು ತಡಾ ಆಗಿ, ಬ್ಯಾಸತ್ತು ಬಿಟ್ಟುಬಿಡತಾರ. ಹೋಗಿ ಹೇಳು. ಹುಣ್ಣಿದ್ದವರಿಗೆ ಮನ್ಯಾಗ ಬ್ಯಾರೆ ನೀರು ಕಾಲಿಗೆ ಹಾಕಿಕೊಳ್ಳಾಕ ಹೇಳು. ಅದನ್ನ ಹೇಳಿದಿಯೋ ಇಲ್ಲೋ?"

ಬೇರೆ ಊರನ್ನು ಡಾಕ್ಟರು ಹುಡುಕಲಿಲ್ಲ. ಹುಣಸಿಹಾಳಿನ ಲೆಕ್ಕವೊಂದನ್ನೇ ಬರೆದು ಕಳಿಸಿದರು. ಹೋಲಿಕೆಯಿಲ್ಲದ ಲೆಕ್ಕ ಸಾಲದು ಎಂದು ಮದರಾಸಿನಿಂದ ಉತ್ತರ ಬಂತು. ಕೆಲವು ತಿಂಗಳಿಗೆ ಅವರಿಗೆ ವರ್ಗವೂ ಆಯಿತು. ಕೊಟ್ರಯ್ಯ ಪಾಪಿನಾಯಕನಹಳ್ಳಿಯ ಶಾಲೆಯಲ್ಲಿ ಮಾಸ್ತರನಾದ. ಬ್ಯಾಡರ ಮನೆಯ ನೀರು ಕುಡಿದ ಸುದ್ದಿ ಕಂಪ್ಲಿ ಮುಟ್ಟಿ, ಅಪ್ಪ ವರ್ಷಗಟ್ಟಲೆ ಮಾತು ಬಿಟ್ಟ.

ಮರುವರ್ಷ ಬಿಳಿಗಲ್ಲಿನಲ್ಲಿ ನಾರು ಎದ್ದಿತು, ಮೊದಲಿನಷ್ಟೇ. ಅದು ಹಿಂದಿನ ವರ್ಷ ಕುಡಿದದ್ದು ಎಂದು ಅವನು ಮನೆಮನೆಗೆ ಹೇಳಿದ. "ಮಾಸ್ತರ, ನಿಮ್ಮ ನೀರು ಸೋಸೂ ಅರಬಿ ತೂತು ಬಿದ್ದೈತೇನು?" ಎಂದು ಗಂಡಸರು ನಕ್ಕರು. ಎಷ್ಟೋ ಮನೆಗಳಲ್ಲಿ ಸೋಸುವುದನ್ನು ಬಿಟ್ಟರು. ದ್ಯಾಮಕ್ಕನಿಗೂ ಒಂದು ಬಂದಿತ್ತು. ಕಡ್ಡಿ ಸುತ್ತುತ್ತ ಕೂತಿದ್ದವಳು ಅವನನ್ನು ಕಂಡು ಬರ್ರಿ ಅನ್ನಲಿಲ್ಲ, ಹೋಗ್ರಿ ಅನ್ನಲಿಲ್ಲ. ಆದರೆ ಮೂಲೆಯ ಕೊಡದ ಬಾಯಿಗೆ ಬಟ್ಟೆ ಬಿಗಿದಿತ್ತು.

ಅದರ ಮುಂದಿನ ಬೇಸಿಗೆ, ಶಾಲೆಗೆ ರಜೆ ಬಿಟ್ಟ ಮೊದಲ ದಿನ ಅವನು ಮತ್ತೆ ಹೋದ. ದ್ಯಾಮಕ್ಕನ ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಅವನು ಚಿಲಕವನ್ನು ಮುಟ್ಟಿ ನೋಡಿದ.

"ಯಾರು, ಮಾಸ್ತರೇನು?" ನಿಂಗಕ್ಕ ಓಣಿಯ ತುದಿಯಿಂದಲೇ ಕೂಗಿದಳು. "ಆಕಿ ಇಲ್ಲಪ್ಪ. ಈ ವರ್ಷ ಬೀಗರು ಬರಲೇ ಇಲ್ಲ ನೋಡು. ನಸುಕಿನ್ಯಾಗ ಬುತ್ತಿ ಕಟ್ಟಿಕೊಂಡು ಸಂಡೂರು ದಾರಿ ಹಿಡಿದ್ಲು. ಬಾಜೂ ಮನಿ ಹನುಮಣ್ಣ ಗಾಡಿ ಹೂಡತೀನಿ ಅಂದ್ರ ಒಲ್ಲೆ ಅಂದ್ಲು."

"ಯಾವಾಗ ಬರ್ತಾಳ?"

"ಯಾಕ ಬರ್ತಾಳ? ಇನ್ನ ಮಗಳ ಮನ್ಯಾಗ ಇರ್ತೀನಿ ಅಂತ ಪಾತ್ರಿ ಪಡಗ ಎಲ್ಲಾ ಹಂಚಿ ಹೋಗ್ಯಾಳ."

"ನನಗೇನಾದ್ರೂ ಹೇಳಿದ್ಲೇನು?"

"ಇಲ್ಲಪ್ಪ."

ಕೊಟ್ರಯ್ಯ ಖಾಲಿ ಕಟ್ಟೆಯ ಮೇಲೆ ಕೂತ. ದಕ್ಷಿಣಕ್ಕೆ ಸಂಡೂರಿನ ಗುಡ್ಡಗಳು ಬಿಸಿಲಿನಲ್ಲಿ ನೀಲಿಯಾಗಿ ಅಲುಗುತ್ತಿದ್ದವು. ಎಲ್ಲಿಗಾದರೂ ಹೋಗಬೇಕು ಎನ್ನುವ ಹಳೆಯ ಸಂಕಟ ಒಳಗಿನಿಂದ ಎದ್ದು ಬಂತು. ಅದನ್ನು ಅವನು ತಡೆಯಲಿಲ್ಲ. ನಸುಕಿಗೆ ಹೊರಟವಳು ಬಿಸಿಲೇರುವ ಮುಂಚೆ ಹಳ್ಳ ದಾಟಿರಬೇಕು. ಈಗ ಕಣಿವೆಯ ಏರು ಹತ್ತುತ್ತಿರಬೇಕು. ಇಳಿಜಾರು ಮುಗಿದರೆ ಗಣಿಯವರ ಗುಡಿಸಲುಗಳು. ಅಂಗಳದಲ್ಲಿ ಆಡುತ್ತಿರುವ ಐದು ವರ್ಷದ ಹುಡುಗಿಯೊಬ್ಬಳು ತಲೆ ಎತ್ತಿ, ಯಾರೋ ನಡೆದು ಬರುತ್ತಿರುವುದನ್ನು ನೋಡಲು ಇನ್ನೂ ನಾಲ್ಕು ಮೈಲಿ ಇತ್ತು. ಆ ನಾಲ್ಕು ಮೈಲಿ ಮುಗಿಯುವವರೆಗೂ ಅವನು ಅಲ್ಲಿಂದ ಏಳಲಿಲ್ಲ.